ಬ್ರಸೆಲ್ಸ್ ನಗರದ ಮಕ್ಕಳ ದಂತಮಂದಿರ

ದೂರದೇಶಗಳನ್ನು ನೋಡಿಬಂದವರು ಅರಮನೆಗಳನ್ನೂ ಇಗರ್ಜಿಗಳನ್ನೂ ಸೇತುವೆಗಳನ್ನೂ ವರ್ಣಿಸುವುದು ವಾಡಿಕೆ. ಹಲ್ಲಿನ ಆಸ್ಪತ್ರೆಯೊಂದನ್ನು ನೋಡಿಬಂದೆವೆಂದು ಹೇಳಿಕೊಳ್ಳುವವರು ಅಪರೂಪ. ಆ ಬಾಗಿಲನ್ನು ಮನುಷ್ಯರು ನೋವು ತಡೆಯಲಾರದಾಗ ಮಾತ್ರ ತಟ್ಟುವುದು ಲೋಕರೂಢಿಯಷ್ಟೆ. ಆದರೂ ಬೆಲ್ಜಿಯಂ ದೇಶದ ರಾಜಧಾನಿಯಾದ ಬ್ರಸೆಲ್ಸಿನಲ್ಲಿ ಮಕ್ಕಳ ಹಲ್ಲಿಗಾಗಿಯೇ ಕಟ್ಟಿದ್ದ ಒಂದು ಮಂದಿರವುಂಟು. ಅಲ್ಲಿ ಈಗ ವೈದ್ಯರಿಲ್ಲ, ರೋಗಿಗಳೂ ಇಲ್ಲ. ಆದರೆ ಒಂದು ಕಾಲದಲ್ಲಿ ಮಕ್ಕಳು ತಮ್ಮ ಸರದಿಗಾಗಿ ಕಾದುಕೊಂಡು ಕುಳಿತಿರುತ್ತಿದ್ದ ಕೋಣೆಯ ಗೋಡೆಗಳು ಇಂದಿಗೂ ಒಂದು ಮಾತನ್ನು ಹೇಳುತ್ತಿವೆ. ಮಕ್ಕಳಿರುವ ಮನೆಗಳಿಗೆಲ್ಲ ಬೇಕಾದ ಮಾತು ಅದು. ಆದಕಾರಣ ಆ ಸ್ಥಳವನ್ನು ವಾಚಕರಿಗೆ ಪರಿಚಯ ಮಾಡಿಕೊಡಲು ಮನಸ್ಸಾಯಿತು.

ಐರೋಪ್ಯ ಸಂಸತ್ತಿನ ಗಾಜಿನ ಕಟ್ಟಡಗಳ ಬೆನ್ನಿಗೆ ಲಿಯೊಪೋಲ್ಡ್ ಉದ್ಯಾನವೆಂಬ ತೋಟವಿದೆ. ನೆಲ ಇಳಿಜಾರು, ತಗ್ಗಿನಲ್ಲಿ ಒಂದು ಕೊಳ, ಅದರಲ್ಲಿ ಬಾತುಕೋಳಿಗಳು, ಸುತ್ತಲೂ ವಿಶಾಲವಾಗಿ ಕೊಂಬೆ ಚಾಚಿದ ಹಳೆಯ ಮರಗಳು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಇಲ್ಲಿ ಒಂದು ಮೃಗಾಲಯವಿತ್ತು. ಅದು ಕೈಗೂಡದೆ ಹೋದ ಮೇಲೆ ತೋಟವು ಸಾರ್ವಜನಿಕರದಾಯಿತು. ಆ ಶತಮಾನ ಮುಗಿಯುವ ವೇಳೆಗೆ ವಿದ್ಯಾಸಂಸ್ಥೆಗಳು ಒಂದೊಂದಾಗಿ ಅಲ್ಲಿ ತಲೆಯೆತ್ತಿದವು. ಸೋಡಾ ತಯಾರಿಕೆಯಿಂದ ಸಿರಿವಂತನಾದ ಅರ್ನೆಸ್ಟ್ ಸಾಲ್ವೆ ಎಂಬ ಮಹನೀಯನು ಸ್ಥಾಪಿಸಿದ ಶರೀರಶಾಸ್ತ್ರಮಂದಿರ ಇಲ್ಲಿಯೇ ಇದೆ. 1927ರಲ್ಲಿ ಐನ್‌ಸ್ಟೈನ್, ಬೋರ್, ಮೇಡಂ ಕ್ಯೂರಿ ಮೊದಲಾದ ವಿಜ್ಞಾನಿಗಳು ಕಲೆತು ಅಣುವಿನ ಒಳಗುಟ್ಟನ್ನು ಚರ್ಚಿಸಿದುದು ಆ ಮಂದಿರದಲ್ಲಿಯೇ. ಈ ತೋಟದಲ್ಲಿ ನಡೆಯುವಾಗ ಅಂಥ ಘನವಾದ ನೆನಪುಗಳು ಹೆಜ್ಜೆಹೆಜ್ಜೆಗೂ ಎದುರಾಗುತ್ತವೆ. ಕೊಳವನ್ನು ದಾಟಿ ಮೇಲೇರಿದರೆ, ಅದೇ ವಿದ್ವತ್ಸಮೂಹದ ನಡುವೆ, ಮೂರು ನಾಲ್ಕು ವರ್ಷದ ಕಂದಮ್ಮಗಳಿಗಾಗಿ ಕಟ್ಟಿದ ಭವನ ಗಂಭೀರವಾಗಿ ನಿಂತಿದೆ.

ಕಟ್ಟಡದ ಹೆಸರು ಈಸ್ಟ್‌ಮನ್. ಕೊಡಾಕ್ ಕ್ಯಾಮೆರಾದ ಜಾರ್ಜ್ ಈಸ್ಟ್‌ಮನ್ ಎಂಬಾತನೇ ಇದರ ದಾನಿ. ಈತ 1854ರಲ್ಲಿ ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಒಂದು ಸಣ್ಣ ಊರಿನಲ್ಲಿ ಹುಟ್ಟಿದನು. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ಹದಿನಾಲ್ಕನೆಯ ವಯಸ್ಸಿಗೆ ಶಾಲೆಯನ್ನು ಬಿಟ್ಟು ದುಡಿಮೆಗೆ ನಿಂತವನು. ಮುಂದೆ ಕೋಟ್ಯಧೀಶನಾದಾಗ ತನ್ನ ಸಂಪತ್ತಿನ ಬಹುಭಾಗವನ್ನು ದಾನಮಾಡಿದನು. ಸಂಗೀತಶಾಲೆಗೆ ಕೊಟ್ಟನು, ವಿಶ್ವವಿದ್ಯಾನಿಲಯಗಳಿಗೆ ಕೊಟ್ಟನು. ಆದರೆ ಬಡಮಕ್ಕಳ ಹಲ್ಲುಗಳಿಗಾಗಿ ಅವನು ತೋರಿದ ಆಸ್ಥೆ ಬೇರೆ ದಾನಿಗಳಲ್ಲಿ ಕಾಣುವುದು ಕಷ್ಟ. ತಾನಿದ್ದ ರಾಚೆಸ್ಟರ್ ನಗರದಲ್ಲಿ 1917ರಲ್ಲಿ ಮೊದಲನೆಯ ದಂತಚಿಕಿತ್ಸಾಲಯವನ್ನು ತೆರೆಯಿಸಿದನು. ಅಲ್ಲಿ ಮಕ್ಕಳು ಕಾಯುವ ಹಜಾರದ ನಡುವೆ ಒಂದು ದೊಡ್ಡ ಪಕ್ಷಿಪಂಜರವನ್ನು ನಿಲ್ಲಿಸಿದ್ದರು. ಬಳಿಕ ಯೂರೋಪಿನ ಐದು ರಾಜಧಾನಿಗಳಿಗೆ ಅವನ ದಾನ ಹರಿಯಿತು. ಲಂಡನ್ನಿನಲ್ಲಿ 1931ರಲ್ಲಿ, ರೋಮಿನಲ್ಲಿ 1933ರಲ್ಲಿ, ಬ್ರಸೆಲ್ಸಿನಲ್ಲಿ 1935ರಲ್ಲಿ, ಸ್ಟಾಕ್‌ಹೋಮಿನಲ್ಲಿ 1936ರಲ್ಲಿ, ಪ್ಯಾರಿಸಿನಲ್ಲಿ 1937ರಲ್ಲಿ ಅವನ ಹೆಸರಿನ ದಂತಮಂದಿರಗಳು ಬಾಗಿಲು ತೆರೆದವು. ಆದರೆ ಬ್ರಸೆಲ್ಸಿನ ಮಂದಿರವನ್ನು ಅವನು ಕಣ್ಣಾರೆ ಕಾಣಲಿಲ್ಲ. 1932ರಲ್ಲಿಯೇ ಅವನ ಬಾಳು ಮುಗಿದಿತ್ತು.

ಈ ಭವನವನ್ನು ರೂಪಿಸಿದವನು ಮಿಶೆಲ್ ಪೊಲಾಕ್ ಎಂಬ ಶಿಲ್ಪಿ. ನೇರವಾದ ಗೆರೆಗಳು, ಎತ್ತರವಾದ ಕಿಟಕಿಗಳು, ಅನವಶ್ಯಕವಾದ ಅಲಂಕಾರವಿಲ್ಲದ ಮುಖಭಾಗ. ಬೆಳಕು ಚೆನ್ನಾಗಿ ಒಳಬರಬೇಕೆಂಬುದು ಮುಖ್ಯವಾದ ಆಲೋಚನೆ. ಬಾಯೊಳಗಿನ ಕೆಲಸಕ್ಕೆ ಬೆಳಕಿಲ್ಲದಿದ್ದರೆ ನಡೆಯುವಂತಿಲ್ಲವಷ್ಟೆ. ದಂತವೈದ್ಯಶಾಲೆ ಮುಚ್ಚಿಹೋದ ಬಳಿಕ ಇದು ಐರೋಪ್ಯ ಸಂಸ್ಥೆಗಳ ಕಚೇರಿಯಾಗಿತ್ತು. 2017ರಿಂದ ಇದು ಯೂರೋಪ್ ಖಂಡದ ಇತಿಹಾಸವನ್ನು ಹೇಳುವ ವಸ್ತುಸಂಗ್ರಹಾಲಯವಾಗಿದೆ. ಹಳೆಯ ಕಟ್ಟಡದ ಮೇಲೆ ಗಾಜಿನ ಹೊಸ ಅಂತಸ್ತುಗಳನ್ನು ಏರಿಸಿದ್ದಾರೆ. ಇಷ್ಟೆಲ್ಲ ಬದಲಾವಣೆಗಳ ನಡುವೆಯೂ ಮಕ್ಕಳ ಕಾಯುವ ಕೋಣೆಯ ಚಿತ್ರಗಳನ್ನು ಅಳಿಸದೆ ಉಳಿಸಿಕೊಂಡಿರುವುದು ಸಂತೋಷದ ಸಂಗತಿ.

ಕಾಮಿಲ್ ಬಾರ್ತೆಲೆಮಿ ಎಂಬ ಬೆಲ್ಜಿಯಂ ಚಿತ್ರಗಾರನು ಆ ಗೋಡೆಗಳ ಮೇಲೆ ಬರೆದದ್ದು ದೇವತೆಗಳನ್ನಲ್ಲ, ದಾನಿಯ ಭಾವಚಿತ್ರವನ್ನಲ್ಲ, ಹಲ್ಲುಜ್ಜಬೇಕೆಂಬ ಉಪದೇಶವನ್ನೂ ಅಲ್ಲ. ಹದಿನೇಳನೆಯ ಶತಮಾನದ ಫ್ರೆಂಚ್ ಕವಿ ಲಾ ಫಾಂಟೇನನ ಪ್ರಾಣಿಕಥೆಗಳನ್ನು ಬರೆದನು. ಫ್ರೆಂಚ್ ಮಾತನಾಡುವ ಮನೆಗಳಲ್ಲಿ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕೇಳಿ ಬಲ್ಲ ಕಥೆಗಳವು. 1935ರ ಮಗುವೊಂದರ ಸ್ಥಿತಿಯನ್ನು ವಾಚಕರು ಊಹಿಸಿಕೊಳ್ಳಬೇಕು. ಈಗಿನ ವೇಗದ ಗಾಳಿಯಂತ್ರ ಬಳಕೆಗೆ ಬಂದದ್ದು 1957ರಲ್ಲಿ. ಆಗ ಇದ್ದದ್ದು ಪಟ್ಟಿಯಿಂದ ತಿರುಗುವ ನಿಧಾನವಾದ ಕೊರೆಯಂತ್ರ. ಅದರ ನಡುಕ ದವಡೆಯ ಮೂಳೆಗೆಲ್ಲ ಹಬ್ಬುತ್ತಿತ್ತು. ಒಳಗಿನಿಂದ ಸದ್ದು ಕೇಳುತ್ತದೆ, ಔಷಧದ ಘಾಟು ಮೂಗಿಗೆ ಬಡಿಯುತ್ತದೆ, ಗುರುತಿನವರು ಯಾರೂ ಇಲ್ಲ. ಅಂಥ ಎಡೆಯಲ್ಲಿ ತಲೆಯೆತ್ತಿ ನೋಡಿದಾಗ, ಅಜ್ಜಿಯ ಬಾಯಿಂದ ಕೇಳಿದ್ದ ಪ್ರಾಣಿಗಳು ಗೋಡೆಯ ಮೇಲೆ ಕಾಣಿಸುತ್ತವೆ! ಹೊಸ ಜಾಗದಲ್ಲಿ ಹಳೆಯ ನೆಂಟರು ಸಿಕ್ಕಂತಾಗುವುದಿಲ್ಲವೆ?

ಈ ನೆಂಟರು ನಮ್ಮ ಕಡೆಯವರೂ ಹೌದು. ಲಾ ಫಾಂಟೇನನು 1678ರಲ್ಲಿ ತನ್ನ ಎರಡನೆಯ ಸಂಕಲನವನ್ನು ಪ್ರಕಟಿಸಿದಾಗ, ಅದರಲ್ಲಿನ ಕಥೆಗಳಲ್ಲಿ ಹೆಚ್ಚಿನವಕ್ಕೆ ತಾನು ಪಿಲ್ಪೆ ಎಂಬ ಭಾರತದ ಋಷಿಗೆ ಋಣಿಯೆಂದು ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಆ ಪಿಲ್ಪೆಯ ಹೆಸರಿನಲ್ಲಿ ಹೊರದೇಶಗಳಲ್ಲಿ ಸಂಚರಿಸಿದುದು ನಮ್ಮ ಪಂಚತಂತ್ರವೇ. ಆರನೆಯ ಶತಮಾನದಲ್ಲಿ ಅದು ಪರ್ಷಿಯ ದೇಶದ ಪಹ್ಲವಿ ಭಾಷೆಗೂ, ಎಂಟನೆಯ ಶತಮಾನದಲ್ಲಿ ಅರಬ್ಬಿಗೂ ಹೋಗಿ, ಅನೇಕ ಕೈಗಳನ್ನು ದಾಟಿ, 1644ರಲ್ಲಿ ಫ್ರೆಂಚ್ ಭಾಷೆಯಲ್ಲಿ ಅಚ್ಚಾಯಿತು. ಕನ್ನಡದಲ್ಲಿ ಚಾಲುಕ್ಯ ಜಯಸಿಂಹನ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ವಸುಭಾಗಭಟ್ಟನ ಪಾಠವನ್ನು ಅನುಸರಿಸಿ ಹನ್ನೊಂದನೆಯ ಶತಮಾನದಲ್ಲಿಯೇ ಅದನ್ನು ಚಂಪೂಕಾವ್ಯವಾಗಿ ಬರೆದಿದ್ದನೆಂಬುದು ವಾಚಕರಿಗೆ ತಿಳಿದ ವಿಷಯ. ಅದೇ ಕಥಾವಂಶದ ಒಂದು ಕವಲು ಬ್ರಸೆಲ್ಸಿನ ಹಲ್ಲಿನ ಆಸ್ಪತ್ರೆಯ ಗೋಡೆಯವರೆಗೆ ಹಬ್ಬಿತು.

ಆದರೆ ಈ ಕಥೆಗಳನ್ನು ಸ್ವಲ್ಪ ಆಲೋಚಿಸಿ ನೋಡಿದಾಗ ಒಂದು ಸ್ವಾರಸ್ಯ ಹೊಳೆಯುತ್ತದೆ. ಲಾ ಫಾಂಟೇನನ ಸಂಗ್ರಹದಲ್ಲಿ ಬಾಯಿ ತೆರೆದು ಕೆಟ್ಟವರು ಎಷ್ಟು ಮಂದಿ! ನರಿ ಹೊಗಳಿತೆಂದು ಕಾಗೆ ಹಾಡಲು ಬಾಯಿ ತೆರೆಯಿತು. ಕೊಕ್ಕಿನಲ್ಲಿದ್ದ ಗಿಣ್ಣು ನರಿಯ ಪಾಲಾಯಿತು. ಎರಡು ಬಾತುಗಳು ಹಿಡಿದ ಕೋಲನ್ನು ಕಚ್ಚಿಕೊಂಡು ಆಮೆ ಆಕಾಶದಲ್ಲಿ ಹೋಗುತ್ತಿತ್ತು. ಜನರಿಗೆ ಉತ್ತರ ಕೊಡಲು ಬಾಯಿ ತೆರೆದು ನೆಲಕ್ಕೆ ಬಿದ್ದಿತು. ಈ ಎರಡನೆಯ ಕಥೆ ಪಂಚತಂತ್ರದ್ದು. ಅಲ್ಲಿ ಬಾತುಗಳಿಗೆ ಬದಲು ಹಂಸಗಳಿವೆ, ಅಷ್ಟೆ. ಮಗು ಕಥೆಯಿಂದ ಕಲಿಯುವ ನೀತಿ ಇದು: ಪರರ ಮಾತಿಗೆ ಮರುಳಾಗಿ ಬಾಯಿ ತೆರೆಯಬೇಡ. ಆದರೆ ಪಕ್ಕದ ಕೋಣೆಗೆ ಹೋದೊಡನೆ ಅಪರಿಚಿತನಾದ ವೈದ್ಯನು ಕೇಳುವ ಮೊದಲನೆಯ ಮಾತು, “ಎಲ್ಲಿ ಮಗು, ಬಾಯಿ ತೆರೆ” ಎಂಬುದು. ವೈದ್ಯನು ನರಿಯೊ ನೆಂಟನೊ ಎಂಬುದನ್ನು ಮಗು ಆ ಕ್ಷಣದಲ್ಲಿ ನಿರ್ಧರಿಸಬೇಕಾಗಿದೆ. ಹಿರಿಯರಾದ ನಮಗೆ ಅದು ಹಟವಾಗಿ ಕಾಣುತ್ತದೆ. ಮಗುವಿಗೆ ಅದು ವಿವೇಕ.

ಇನ್ನೊಂದು ಕಥೆ ಇದಕ್ಕೆ ಪೂರಕವಾಗಿದೆ. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡ ತೋಳನ ಬಾಯೊಳಗೆ ಕೊಕ್ಕರೆ ಕತ್ತು ಚಾಚಿ ಮೂಳೆಯನ್ನು ತೆಗೆಯಿತೆಂದು ಲಾ ಫಾಂಟೇನನು ಹೇಳುತ್ತಾನೆ. ಬೌದ್ಧರ ಜಾತಕಕಥೆಗಳಲ್ಲಿ 308ನೆಯದರಲ್ಲಿ ಇದೇ ಸಂಗತಿ ಸಿಂಹಕ್ಕೂ ಮರಕುಟಿಗ ಹಕ್ಕಿಗೂ ನಡೆಯುತ್ತದೆ. ಆ ಮರಕುಟಿಗ ಜಾಣವೈದ್ಯ. ಸಿಂಹ ಬಾಯಿ ಮುಚ್ಚದಂತೆ ದವಡೆಗಳ ನಡುವೆ ಒಂದು ಕಡ್ಡಿಯನ್ನು ನಿಲ್ಲಿಸಿ, ಆಮೇಲೆ ಒಳಹೊಕ್ಕು ಮೂಳೆಯನ್ನು ಬಿಡಿಸುತ್ತದೆ. ಇಂದಿನ ದಂತವೈದ್ಯರೂ ದವಡೆಗೆ ಆನಿಕೆ ಕೊಡುವ ಮೆತ್ತನೆಯ ತುಂಡೊಂದನ್ನು ಇಟ್ಟುಕೊಂಡಿರುತ್ತಾರೆ. ಈ ಕಥೆಯಲ್ಲಿ ಭಯಪಟ್ಟದ್ದು ರೋಗಿಯಲ್ಲ, ವೈದ್ಯ! ದಂತವೈದ್ಯನ ಕುರ್ಚಿಯಲ್ಲಿ ಎರಡು ಕಡೆಗೂ ನಂಬಿಕೆ ಬೇಕೆಂಬ ಮಾತು ಎಷ್ಟು ಹಳೆಯದು ನೋಡಿ.

ಆ ನಂಬಿಕೆಯನ್ನು ಗಳಿಸುವ ಬಗೆ ಹೇಗೆ? ಗೋಡೆಯ ಚಿತ್ರ ಮೊದಲ ಹೆಜ್ಜೆ ಮಾತ್ರ. ಮುಂದಿನ ಹೆಜ್ಜೆಗೆ ಮಗುವಿನ ಮನಸ್ಸು ಯಾವ ವಯಸ್ಸಿನಲ್ಲಿ ಹೇಗಿರುತ್ತದೆಂಬ ಅರಿವು ಬೇಕು. ಆ ಅರಿವನ್ನು ನಮಗೆ ಒದಗಿಸಿದವರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಪಿಯಾಜೆ ಪ್ರಮುಖನು. ಬ್ರಸೆಲ್ಸಿನ ಈ ಗೋಡೆಗಳಿಗೆ ಬಣ್ಣ ಬೀಳುತ್ತಿದ್ದ ಕಾಲದಲ್ಲಿಯೇ ಅವನು ಮಕ್ಕಳೊಡನೆ ಮಾತನಾಡುತ್ತ, ಅವರ ಉತ್ತರಗಳನ್ನು ಬರೆದುಕೊಳ್ಳುತ್ತ ಇದ್ದನು. ಮಗು ಚಿಕ್ಕ ಅಳತೆಯ ದೊಡ್ಡವನಲ್ಲ. ಅದು ಲೋಕವನ್ನು ಬೇರೆಯೇ ರೀತಿಯಲ್ಲಿ ಅರಿಯುತ್ತದೆ ಎಂಬುದು ಅವನ ಶೋಧನೆಯ ಸಾರ.

ಎರಡು ವರ್ಷದೊಳಗಿನ ಕೂಸಿಗೆ ತಾಯಿಯ ಮುಖವೇ ಲೋಕ. ಅದಕ್ಕೆ ಕಾರಣ ಹೇಳಿ ಒಪ್ಪಿಸಲಾಗುವುದಿಲ್ಲ. ಆದುದರಿಂದ ತಿಳಿದ ವೈದ್ಯರು ಅದನ್ನು ಕುರ್ಚಿಯ ಮೇಲೆ ಕೂರಿಸುವುದಿಲ್ಲ. ತಾಯಿಯೂ ವೈದ್ಯರೂ ಎದುರುಬದುರಾಗಿ ಮೊಣಕಾಲಿಗೆ ಮೊಣಕಾಲು ತಗಲುವಂತೆ ಕುಳಿತು, ಕೂಸಿನ ತಲೆ ವೈದ್ಯರ ತೊಡೆಯ ಮೇಲೆ, ಕಾಲು ತಾಯಿಯ ಸೊಂಟದ ಕಡೆಗೆ ಬರುವಂತೆ ಮಲಗಿಸುತ್ತಾರೆ. ಕೂಸು ತಾಯಿಯ ಮುಖವನ್ನು ನೋಡುತ್ತಿರುವಂತೆಯೇ ಬಾಯಿಯ ಪರೀಕ್ಷೆ ಮುಗಿಯುತ್ತದೆ. ಅತ್ತರೂ ಅಳಲಿ, ಅಳುವಾಗ ಬಾಯಿ ತಾನಾಗಿ ತೆರೆಯುತ್ತದೆ! ಆ ವಯಸ್ಸಿನ ಅಳು ಅವಿಧೇಯತೆಯಲ್ಲ.

ಎರಡರಿಂದ ಏಳರವರೆಗಿನ ಕಾಲ ಕಲ್ಪನೆಯ ಕಾಲ. ಆಗ ಮಗುವಿಗೆ ಜಡವಸ್ತುಗಳಿಗೂ ಜೀವವಿದೆ. ಎಡವಿದ ಕಲ್ಲನ್ನು ಹೊಡೆದರೆ ಅದಕ್ಕೂ ನೋವಾಗುತ್ತದೆ. ಹಾಗಿರುವಲ್ಲಿ ಗುಂಯ್ ಎನ್ನುವ ಯಂತ್ರ ಅದರ ಪಾಲಿಗೆ ಕಚ್ಚುವ ಪ್ರಾಣಿಯಾಗುವುದು ಸಹಜ. ಇದೇ ವಯಸ್ಸಿನಲ್ಲಿ ಇನ್ನೊಂದು ನಂಬಿಕೆಯನ್ನು ಪಿಯಾಜೆ 1932ರಲ್ಲಿ ಪ್ರಕಟವಾದ ಗ್ರಂಥದಲ್ಲಿ ವಿವರಿಸಿದ್ದಾನೆ. ತಪ್ಪು ಮಾಡಿದವರನ್ನು ವಸ್ತುಗಳೇ ದಂಡಿಸುತ್ತವೆಂದು ಚಿಕ್ಕ ಮಕ್ಕಳು ಭಾವಿಸುತ್ತಾರಂತೆ. ಹಲ್ಲುನೋವಿಗೆ ಇದನ್ನು ಅನ್ವಯಿಸಿ ನೋಡಿದರೆ, ನೋವನ್ನು ಮಗು ತನ್ನ ತಪ್ಪಿಗೆ ಬಂದ ಶಿಕ್ಷೆಯೆಂದು ತಿಳಿಯುವ ಸಂಭವವಿದೆ. “ಮಿಠಾಯಿ ತಿಂದೆಯಲ್ಲ, ಅನುಭವಿಸು” ಎಂದು ಹಿರಿಯರು ಹೇಳುವ ಮಾತು ಆ ನಂಬಿಕೆಗೆ ಮುದ್ರೆ ಒತ್ತುತ್ತದೆ. ಆಮೇಲೆ ವೈದ್ಯರ ಬಳಿಗೆ ಹೋಗುವುದೆಂದರೆ ಶಿಕ್ಷೆಗೆ ಹೋದಂತೆ. ಮಗು ಹೆದರಿದರೆ ಆಶ್ಚರ್ಯವೇನು?

ಏಳು ದಾಟಿದ ಮೇಲೆ ಕಾರಣ, ಕ್ರಮ, ಲೆಕ್ಕಗಳು ತಿಳಿಯತೊಡಗುತ್ತವೆ. “ಹತ್ತು ಎಣಿಸುವಷ್ಟರಲ್ಲಿ ನಿಲ್ಲಿಸುತ್ತೇನೆ” ಎಂದರೆ ಅದಕ್ಕೆ ಅರ್ಥವಾಗುತ್ತದೆ; ಆದರೆ ಹತ್ತಕ್ಕೆ ಸರಿಯಾಗಿ ನಿಲ್ಲಿಸಲೇಬೇಕು. ಹನ್ನೆರಡರ ಆಚೆಗೆ ನೋವಿಗಿಂತ ಮಾನ ದೊಡ್ಡದು. ಆ ವಯಸ್ಸಿನವರನ್ನು ಮೂರರ ಕೂಸಿನಂತೆ ಮುದ್ದುಮಾತಿನಿಂದ ಕರೆದರೂ, ಇತರರ ಮುಂದೆ ಹುಳುಕು ಹಲ್ಲನ್ನು ಎತ್ತಿ ಆಡಿದರೂ ಅವರು ಒಳಗೊಳಗೇ ಬಾಗಿಲು ಹಾಕಿಕೊಂಡುಬಿಡುತ್ತಾರೆ.

ಈ ಅರಿವಿನಿಂದ ವೈದ್ಯರು ಕೆಲವು ಸರಳವಾದ ಕ್ರಮಗಳನ್ನು ರೂಢಿಗೆ ತಂದಿದ್ದಾರೆ. ಅವುಗಳಲ್ಲಿ ಹೆಸರಾದದ್ದು, ಅಮೆರಿಕದ ಅಡೆಲ್‌ಸ್ಟನ್ ಎಂಬ ದಂತವೈದ್ಯನು 1959ರಲ್ಲಿ ಬರೆದ ಕ್ರಮ. ಅದನ್ನು ಕನ್ನಡದಲ್ಲಿ ‘ಹೇಳು, ತೋರು, ಮಾಡು’ ಎಂದು ಮೂರು ಮಾತಿನಲ್ಲಿ ಹೇಳಬಹುದು. ಮೊದಲು ಮಗುವಿಗೆ ತಿಳಿಯುವ ನುಡಿಯಲ್ಲಿ ಮುಂದೆ ಆಗುವುದನ್ನು ಹೇಳುವುದು: “ಇದು ಹಲ್ಲಿಗೆ ಸ್ನಾನ ಮಾಡಿಸುವ ನೀರಿನ ಪಿಚಕಾರಿ.” ಆಮೇಲೆ ಅದನ್ನು ಮಗುವಿನ ಅಂಗೈಯ ಮೇಲೊ ಉಗುರಿನ ಮೇಲೊ ತೋರುವುದು. ಆಮೇಲೆ, ಹೇಳಿದ್ದನ್ನೂ ತೋರಿದ್ದನ್ನೂ ಮೀರದೆ, ಅಷ್ಟನ್ನೇ ಬಾಯಲ್ಲಿ ಮಾಡುವುದು. ನಡುವೆ ತಡೆಯಲಾರದಾದರೆ ಎಡಗೈ ಎತ್ತು, ನಿಲ್ಲಿಸುತ್ತೇನೆ ಎಂದು ಒಪ್ಪಂದ ಮಾಡಿಕೊಳ್ಳುವುದೂ ಉಂಟು. ಕೈ ಎತ್ತಿದಾಗ ವೈದ್ಯರು ನಿಜವಾಗಿಯೂ ನಿಲ್ಲಿಸಿದರೆ, ತನ್ನ ಮಾತು ನಡೆಯುತ್ತದೆಂಬ ಧೈರ್ಯದಿಂದ ಮಗು ಮತ್ತೆ ಮತ್ತೆ ಕೈ ಎತ್ತದೆ ಕುಳಿತುಕೊಳ್ಳುತ್ತದೆ.

ಮತ್ತೊಂದು ಕ್ರಮ ನೋಡಿ ಕಲಿಯುವುದು. ಧೈರ್ಯವಾಗಿ ಚಿಕಿತ್ಸೆ ಮಾಡಿಸಿಕೊಳ್ಳುವ ಮಗುವಿನ ಚಲನಚಿತ್ರವನ್ನು ಮುಂಚಿತವಾಗಿ ನೋಡಿದ ಮಕ್ಕಳು ಕುರ್ಚಿಯಲ್ಲಿ ಕಡಿಮೆ ಅಂಜಿದರೆಂದು 1975ರಲ್ಲಿ ಅಮೆರಿಕದಲ್ಲಿ ಮೆಲಮೆಡ್ ಎಂಬ ಮನಶ್ಶಾಸ್ತ್ರಜ್ಞೆಯೂ ಸಂಗಡಿಗರೂ ಕಂಡುಕೊಂಡರು. ಮನೆಯಲ್ಲಿ ಅಣ್ಣನೊ ಅಕ್ಕನೊ ಅಂಜದೆ ಹಲ್ಲು ತೋರಿಸುವುದನ್ನು ನೋಡುವ ತಮ್ಮನಿಗೆ ಬೇರೆ ಚಲನಚಿತ್ರ ಬೇಕಿಲ್ಲ. ತಾಯಿ ಒಳಗಿರಬೇಕೊ ಹೊರಗಿರಬೇಕೊ ಎಂಬ ಪ್ರಶ್ನೆಯನ್ನೂ ಪರೀಕ್ಷಿಸಿದ್ದಾರೆ. ಫ್ರಾಂಕಲ್ ಮತ್ತು ಸಂಗಡಿಗರು 1962ರಲ್ಲಿ ಪ್ರಕಟಿಸಿದ ಶೋಧನೆಯ ಪ್ರಕಾರ, ಸುಮಾರು ಮೂರೂವರೆಯಿಂದ ನಾಲ್ಕು ವರ್ಷದ ಮಕ್ಕಳಿಗೆ ತಾಯಿ ಜೊತೆಯಲ್ಲಿದ್ದುದು ಸಹಾಯಕವಾಯಿತು. ಅದಕ್ಕಿಂತ ದೊಡ್ಡವರಲ್ಲಿ ಹೆಚ್ಚಿನ ಭೇದ ಕಾಣಲಿಲ್ಲ. ಮಗುವಿನ ನಡತೆಯನ್ನು ನಾಲ್ಕು ಮೆಟ್ಟಿಲುಗಳಾಗಿ ಅವರು ಗುರುತಿಸಿದ ಪಟ್ಟಿಯನ್ನು ಮಕ್ಕಳ ದಂತವೈದ್ಯರು ಇಂದಿಗೂ ಬಳಸುತ್ತಾರೆ.

ಎಲ್ಲೆಲ್ಲಿಯೂ ಹೀಗೆಯೇ ನಡೆಯುತ್ತ ಬಂದಿತೆಂದು ಹೇಳಿದರೆ ಸುಳ್ಳಾದೀತು. ಬಲವಂತದ ಇತಿಹಾಸವೂ ಇದೆ. ಚೀರಾಡುವ ಮಗುವಿನ ಬಾಯಿಗೆ ಅಂಗೈಯನ್ನು ಒತ್ತಿ ಹಿಡಿದು, ಸುಮ್ಮನಾದರೆ ಬಿಡುತ್ತೇನೆಂದು ಕಿವಿಯಲ್ಲಿ ಹೇಳುವ ಪದ್ಧತಿ ಪಾಶ್ಚಾತ್ಯ ದಂತವೈದ್ಯದಲ್ಲಿ ಬಹುಕಾಲ ನಡೆಯಿತು. ಅಮೆರಿಕದ ಮಕ್ಕಳ ದಂತವೈದ್ಯರ ಅಕಾಡೆಮಿಯು ಅದನ್ನು ತನ್ನ ಮಾರ್ಗಸೂಚಿಯಿಂದ ತೆಗೆದುಹಾಕಿದ್ದು 2006ರಷ್ಟು ಈಚೆಗೆ. ನ್ಯೂಜಿಲೆಂಡ್ ದೇಶದಲ್ಲಿ 1921ರಲ್ಲಿ ಆರಂಭವಾದ ಶಾಲಾ ದಂತಸೇವೆ ಲೋಕಕ್ಕೆ ಮಾದರಿಯೆನಿಸಿತು. ದಾದಿಯರು ಶಾಲೆಯ ಆವರಣದಲ್ಲಿಯೇ ಲಕ್ಷಾಂತರ ಹಲ್ಲುಗಳನ್ನು ತುಂಬಿ ಉಳಿಸಿದರು. ಆದರೆ ಆ ಶಾಲೆಗಳ ಮಕ್ಕಳು ಆ ಪುಟ್ಟ ಚಿಕಿತ್ಸಾಲಯಕ್ಕೆ ಇಟ್ಟ ಹೆಸರು ‘ಕೊಲೆಮನೆ’! ಹಲ್ಲು ಉಳಿಯಿತು, ಭಯವೂ ಉಳಿಯಿತು. ಬಾಲ್ಯದ ಆ ಭಯವನ್ನು ಹೊತ್ತವರು ದೊಡ್ಡವರಾದ ಮೇಲೆ ನೋವು ಮಿತಿಮೀರುವವರೆಗೆ ವೈದ್ಯರ ಕಡೆಗೆ ತಲೆಹಾಕುವುದಿಲ್ಲ. ಆಗ ತುಂಬಿಸಿ ಉಳಿಸಬಹುದಾಗಿದ್ದ ಹಲ್ಲನ್ನು ಕೀಳಿಸಬೇಕಾಗುತ್ತದೆ. ಕೀಳಿಸಿದ ನೋವು ಹಳೆಯ ಭಯವನ್ನು ಬಲಪಡಿಸುತ್ತದೆ.

ಇಷ್ಟು ದೂರದ ಸಂಗತಿಗಳನ್ನು ಹೇಳಿದ ಮೇಲೆ ನಮ್ಮ ಮನೆಗಳ ಕಡೆಗೆ ತಿರುಗಬೇಕು. ಏಕೆಂದರೆ ನಿಜವಾದ ಕಾಯುವ ಕೋಣೆ ಆಸ್ಪತ್ರೆಯಲ್ಲಿಲ್ಲ. ಅದು ಮನೆಯ ನಡುಮನೆ. ವೈದ್ಯರನ್ನು ಕಾಣುವ ಎಷ್ಟೋ ದಿನಗಳ ಮೊದಲೇ ಮಗು ಅಲ್ಲಿ ಕುಳಿತು ಹಿರಿಯರ ಮಾತುಗಳನ್ನು ಕೇಳುತ್ತಿರುತ್ತದೆ. “ಊಟ ಮಾಡದಿದ್ದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಸೂಜಿ ಹಾಕಿಸುತ್ತೇನೆ” ಎಂಬ ಮಾತು ಕೇಳಿಬರದ ಮನೆ ಅಪರೂಪ. ಹಿಂದೆ ಗುಮ್ಮನಿದ್ದನು, ಅವನು ಕತ್ತಲೆಯಲ್ಲಿರುತ್ತಿದ್ದನು, ಎಂದೂ ಎದುರಿಗೆ ಬರುತ್ತಿರಲಿಲ್ಲ. ಈಗ ಗುಮ್ಮನ ಸ್ಥಾನದಲ್ಲಿ ವೈದ್ಯರನ್ನು ನಿಲ್ಲಿಸಿದ್ದೇವೆ. ನಾವು ಹೆಸರಿಟ್ಟು ಹೆದರಿಸಿದ ಅದೇ ಮನುಷ್ಯರ ಮುಂದೆ ಒಂದು ದಿನ ಮಗುವನ್ನು ಕೂರಿಸಿ, “ಹೆದರಬೇಡ” ಎನ್ನುತ್ತೇವೆ. ಮಗು ನಮ್ಮ ಯಾವ ಮಾತನ್ನು ನಂಬಬೇಕು?

ಇನ್ನೊಂದು ತಪ್ಪು ಪ್ರೀತಿಯಿಂದ ಆಗುವಂಥದು. “ಏನೂ ಮಾಡುವುದಿಲ್ಲ, ಸುಮ್ಮನೆ ನೋಡುತ್ತಾರೆ” ಎಂದು ಹೇಳಿ ಕರೆದೊಯ್ಯುತ್ತಾರೆ. ಅಲ್ಲಿ ಸೂಜಿ ಬರುತ್ತದೆ. ಆ ದಿನದ ಕೆಲಸ ಹೇಗೊ ಮುಗಿಯುತ್ತದೆ. ಆದರೆ ನರಿಯ ಮಾತಿಗೆ ಬಾಯಿ ತೆರೆದ ಕಾಗೆ ಮರುದಿನ ಬಾಯಿ ತೆರೆಯುವುದಿಲ್ಲ. “ನೋವಾಗುತ್ತದೆಯೆ?” ಎಂದು ಮಗು ಕೇಳಿದರೆ, “ಸ್ವಲ್ಪ ಚುರುಕ್ ಎನ್ನಬಹುದು, ಆಗ ನಾನು ನಿನ್ನ ಕೈ ಹಿಡಿದುಕೊಂಡಿರುತ್ತೇನೆ” ಎನ್ನುವುದು ಸತ್ಯವೂ ಹೌದು, ಸಾಂತ್ವನವೂ ಹೌದು. ಹಿರಿಯರು ತಮ್ಮ ಹಲ್ಲು ಕೀಳಿಸಿಕೊಂಡ ಪ್ರತಾಪವನ್ನು ರಕ್ತದ ವಿವರದೊಡನೆ ಮಕ್ಕಳೆದುರಿಗೆ ಹೇಳುವುದನ್ನು ಬಿಡಬೇಕು. ಅಳದಿದ್ದರೆ ಆಟದ ಸಾಮಾನು ಕೊಡಿಸುತ್ತೇನೆಂದು ಮೊದಲೇ ಲಂಚವೊಡ್ಡುವುದೂ ಸಲ್ಲದು; ಅಷ್ಟು ದೊಡ್ಡ ಬಹುಮಾನವಿದ್ದರೆ ಅಷ್ಟೇ ದೊಡ್ಡ ಕಷ್ಟವೂ ಇರಬೇಕೆಂದು ಮಗು ತರ್ಕಿಸುತ್ತದೆ. ಕೆಲಸ ಮುಗಿದ ಬಳಿಕ, “ಕೈಯನ್ನು ಅಲ್ಲಾಡಿಸದೆ ಕುಳಿತಿದ್ದೆಯಲ್ಲ, ಅದರಿಂದ ಡಾಕ್ಟರರಿಗೆ ಬಹಳ ಸಹಾಯವಾಯಿತು” ಎಂದು ಮಾಡಿದ ಒಳ್ಳೆಯದನ್ನು ಗುರುತಿಸಿ ಹೇಳಿದರೆ ಸಾಕು.

ಎಲ್ಲಕ್ಕಿಂತ ಮುಖ್ಯವಾದುದು, ನೋವಿಲ್ಲದ ದಿನದಲ್ಲಿ ಮೊದಲ ಭೇಟಿ ಮಾಡಿಸುವುದು. ನಮ್ಮಲ್ಲಿ ಹಾಲುಹಲ್ಲಿನ ವಿಷಯದಲ್ಲಿ ಒಂದು ಉದಾಸೀನವಿದೆ. ಬಿದ್ದ ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಹಂಚಿನ ಮೇಲೆ ಎಸೆದು, ಹೊಸ ಹಲ್ಲು ಬರಲೆಂದು ಹಾರೈಸುವ ಆಟ ಸೊಗಸಾದದ್ದೇ. ಆದರೆ ಹೇಗೂ ಬೀಳುವ ಹಲ್ಲಿಗೆ ಚಿಕಿತ್ಸೆಯೇಕೆ ಎಂಬ ಎಣಿಕೆ ಸರಿಯಲ್ಲ. ಹಾಲುಹಲ್ಲುಗಳು ಇಪ್ಪತ್ತು. ಸುಮಾರು ಆರನೆಯ ತಿಂಗಳಿಗೆ ಮೊಳೆಯಲಾರಂಭಿಸಿ, ಮೂರು ವರ್ಷ ತುಂಬುವ ವೇಳೆಗೆ ಎಲ್ಲವೂ ಬಂದಿರುತ್ತವೆ. ಅವುಗಳಲ್ಲಿ ಕೊನೆಯವು ಬೀಳುವುದು ಸುಮಾರು ಹನ್ನೆರಡನೆಯ ವರ್ಷಕ್ಕೆ. ಅಲ್ಲಿಯವರೆಗೆ ಮಗು ಅವುಗಳಿಂದಲೇ ಅಗಿಯಬೇಕು, ಅವುಗಳಿಂದಲೇ ಉಚ್ಚರಿಸಬೇಕು. ಕೆಳಗೆ ಬೆಳೆಯುವ ಹಲ್ಲುಗಳಿಗೆ ಅವೇ ಜಾಗ ಕಾಯ್ದಿರಿಸುತ್ತವೆ. ಆರನೆಯ ವರ್ಷದಲ್ಲಿ ಯಾವ ಹಲ್ಲೂ ಬೀಳದೆ ಹಿಂಬದಿಯಲ್ಲಿ ಮೂಡುವ ದವಡೆಹಲ್ಲು ಶಾಶ್ವತವಾದದ್ದು. ಅದನ್ನು ಹಾಲುಹಲ್ಲೆಂದು ಬಗೆದು ಹುಳುಕು ಬೀಳಲು ಬಿಟ್ಟುಬಿಡುವ ಮನೆಗಳುಂಟು.

ಮೊದಲನೆಯ ಹುಟ್ಟುಹಬ್ಬದೊಳಗಾಗಿ ಒಮ್ಮೆ ದಂತವೈದ್ಯರಿಗೆ ತೋರಿಸಬೇಕೆಂಬುದು ಈಗ ತಜ್ಞರ ಸಲಹೆ. ಆ ಭೇಟಿಯಲ್ಲಿ ಚಿಕಿತ್ಸೆ ಏನೂ ಇರಬೇಕಾಗಿಲ್ಲ. ಕುರ್ಚಿ ಮೇಲೇರುತ್ತದೆ, ಪುಟ್ಟ ಕನ್ನಡಿಯಲ್ಲಿ ತನ್ನ ಹಲ್ಲು ತನಗೇ ಕಾಣುತ್ತದೆ, ಎದುರಿಗಿರುವವರು ಬೈಯುವುದಿಲ್ಲ: ಮುಂದಿನ ಭೇಟಿಗಳಲ್ಲಿ ಮಗು ಕಲಿಯಬೇಕಾದುದು ಇಷ್ಟೆ. ಇಂಥ ಎರಡು ಮೂರು ನಿರಾತಂಕದ ಭೇಟಿಗಳ ನೆನಪಿರುವ ಮಗು, ಮುಂದೊಂದು ದಿನ ನೋವಿನ ಭೇಟಿಯನ್ನೂ ತಾಳಿಕೊಳ್ಳುತ್ತದೆ. ನೋವಿನಿಂದಲೇ ಪರಿಚಯ ಆರಂಭವಾದರೆ ಆ ಬಂಡವಾಳ ಇರುವುದಿಲ್ಲ.

ಕರ್ನಾಟಕದಲ್ಲಿ ಇದಕ್ಕೆ ಅನುಕೂಲವಿಲ್ಲದೆ ಇಲ್ಲ. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಿಂದಲೂ, ಮಣಿಪಾಲದ ಕಾಲೇಜು 1965ರಿಂದಲೂ ನಡೆಯುತ್ತ ಬಂದಿವೆ. ಆಮೇಲೆ ಅನೇಕ ಊರುಗಳಲ್ಲಿ ಇಂಥ ಕಾಲೇಜುಗಳಾಗಿವೆ. ಮಕ್ಕಳ ಹಲ್ಲಿನ ಚಿಕಿತ್ಸೆ ಈಗ ಪ್ರತ್ಯೇಕವಾದ ಒಂದು ವಿದ್ಯೆ. ಮಗುವಿನ ಮನಸ್ಸನ್ನು ಅರಿಯುವ ಪಾಠ ಅದರಲ್ಲಿ ಸೇರಿದೆ. ಗೋಡೆಗೆ ಬಣ್ಣದ ಚಿತ್ರ ಬರೆಸಿದ ಚಿಕಿತ್ಸಾಲಯಗಳೂ ಕಾಣಸಿಗುತ್ತವೆ. ಆ ಗೋಡೆಗಳ ಮೇಲೆ ಪರದೇಶದ ಇಲಿ, ಬಾತುಗಳ ಜೊತೆಗೆ ನಮ್ಮ ಆಮೆ, ಹಂಸ, ಮರಕುಟಿಗಗಳೂ ಬಂದರೆ ಎಷ್ಟು ಚೆನ್ನ!

ಆದರೆ ಚಿತ್ರ ಯಾವುದಾದರೂ ಇರಲಿ, ಅದು ಅರ್ಧ ಕೆಲಸವನ್ನಷ್ಟೇ ಮಾಡಬಲ್ಲುದು. ಉಳಿದರ್ಧ ನಮ್ಮ ಪಾಲಿನದು. ಇಂದು ಸಂಜೆ ಊಟದ ಹೊತ್ತಿಗೆ ಮಗು ಹಟಮಾಡಿದಾಗ ವೈದ್ಯರ ಹೆಸರನ್ನು ನಾಲಗೆಯ ಮೇಲೆ ತರದಿರುವುದರಿಂದ ಆ ಕೆಲಸವನ್ನು ಆರಂಭಿಸಬಹುದು. ಮುಂದಿನ ವಾರ ನಮ್ಮ ಸ್ವಂತ ಹಲ್ಲನ್ನು ತೋರಿಸಿಕೊಳ್ಳಲು ಹೋಗುವಾಗ ಮಗುವನ್ನೂ ಜೊತೆಗೆ ಕರೆದೊಯ್ದು, ಪಕ್ಕದ ಮಣೆಯ ಮೇಲೆ ಕೂರಿಸಿಕೊಂಡು, ಸರದಿ ಬರುವವರೆಗೆ ಅದಕ್ಕೆ ಒಂದು ಕಥೆ ಹೇಳಬಹುದು.